ಆ ಬಂದೂಕು ನಿಮ್ಮದಲ್ಲ ಬಾಬಾ

ಮೊನ್ನೆ ರಜೆಯ ದಿನ ದುಬೈ ಕರಾಮದ ನಮ್ಮ ಮನೆಯ ಬಾಲ್ಕನಿಯಲ್ಲಿ ಮಗಳು ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಭುಜ ತನ್ನಷ್ಟಕ್ಕೆ ಒಮ್ಮೆ ಜುಂ ಎಂದಿತು. ನಗಬೇಡಿ, ಕಾರಣ ಉಂಟು. ಬ್ಯಾಟಿಗೆ ಹಚ್ಚುವ ಎಣ್ಣೆಯನ್ನೇ ಬಂದೂಕಿನ ಮರಕ್ಕೂ ಹಚ್ಚುತ್ತಾರೆ. ನಾನು ಬಂದೂಕು ಮಾರಿ ಸಂಸಾರ ನಡೆಸಿದ ಮನುಷ್ಯ.

ಉಡುಪಿ ಕಡೆಯ ಭಟ್ಟ, ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕರೆಯುವವನು, ದುಬೈಯ ಬೇಟೆ ಸಾಮಾನಿನ ಅಂಗಡಿಯೊಳಗೆ ಹೇಗೆ ಸೇರಿಕೊಂಡೆ ಎಂದು ಕೇಳಿದರೆ, ಬೇರೆ ಎಲ್ಲೂ ಕೆಲಸ ಸಿಗಲಿಲ್ಲ, ಅಷ್ಟೇ. ಸ್ಟೋರ್‌ಕೀಪರ್ ಅಂತ ಸೇರಿದೆ. ಡಬ್ಬ ಎಣಿಸುತ್ತಾ ಎಣಿಸುತ್ತಾ ಕ್ಯಾಟಲಾಗು ಓದಿದೆ. ನನಗೆ ಸಣ್ಣಂದಿನಿಂದ ಬಾಯಿಪಾಠದ ಚಾಳಿ. ಯಾವ ಗುಂಡಿನ ತೂಕ ಎಷ್ಟು, ಯಾವ ನಳಿಗೆಯ ಉದ್ದ ಎಷ್ಟು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕ್ರಮೇಣ ಕೌಂಟರಿನಲ್ಲೂ ನಿಲ್ಲಿಸಿದರು. ಒಂದು ವಿಷಯ ಮಾತ್ರ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಪರವಾನಗಿ ಇರುವುದು ಅರಬರಿಗೆ, ಮಾರುವವರು ನಾವು. ನಮ್ಮಲ್ಲಿ ಒಬ್ಬನೂ ಒಂದು ಗುಂಡೂ ಹಾರಿಸಿದವನಲ್ಲ. ಆದರೂ "ಭುಜಕ್ಕೆ ಒದೆಯುತ್ತದೆಯೇ?" ಎಂದು ಯಾರಾದರೂ ಕೇಳಿದರೆ, ನಾವೆಲ್ಲ ಒಂದೇ ಸ್ವರದಲ್ಲಿ "ನಾನೇ ಹೊಡೆದು ನೋಡಿದ್ದೇನೆ ಸರ್, ಬೆಣ್ಣೆ" ಅನ್ನುತ್ತಿದ್ದೆವು. ಅದು ಅಂಗಡಿಯ ಪದ್ಧತಿ.

ಹಿಂದಿನ ಕೋಣೆಯಲ್ಲಿ ಬಂದೂಕಿನ ಮರದ ಕೆಲಸ ಮಾಡುತ್ತಿದ್ದವರು ಬಜ್ಪೆಯ ಫೆಲಿಕ್ಸ್ ಪೊರ್ಬುಗಳು. ಊರಿನಲ್ಲಿ ಇಗರ್ಜಿಯ ಬೆಂಚು ಮಾಡುತ್ತಿದ್ದ ಆಚಾರಿ ಕೈ. "ಭಟ್ರೇ, ನಿಮ್ಮ ಕೈಯಲ್ಲಿ ಶಂಖ ಇರ್ಬೇಕಿತ್ತು ಮಾರಾಯ್ರೆ" ಎಂದು ದಿನಕ್ಕೊಮ್ಮೆಯಾದರೂ ಚುಡಾಯಿಸುತ್ತಿದ್ದರು. ನನಗೆ ಒಂದು ವಿದ್ಯೆ ಕಲಿಸಿದವರೂ ಅವರೇ. ಗಿರಾಕಿಗೆ ಕಣ್ಣು ಮುಚ್ಚಿಸಿ, ಖಾಲಿ ಬಂದೂಕನ್ನು ಭುಜಕ್ಕೇರಿಸಲು ಹೇಳಬೇಕು. ಕಣ್ಣು ತೆರೆದಾಗ ಗುರಿಯ ಕಡ್ಡಿ ನೇರ ಕಣ್ಣೆದುರು ಬಂದಿದ್ದರೆ ಅದು ಅವನ ಬಂದೂಕು. ಕತ್ತು ಚಾಚಿ ಹುಡುಕಬೇಕಾಯಿತೋ, ಬೇರೆ ತೋರಿಸಬೇಕು.

ಆಗ ಹೆಂಡತಿ ಊರಿನಲ್ಲಿದ್ದಳು, ಕಂಕುಳಲ್ಲಿ ಹನ್ನೊಂದು ತಿಂಗಳ ಮಗಳು. ನಾನು ಆ ಮಗುವನ್ನು ಎತ್ತಿಕೊಂಡದ್ದು ಒಟ್ಟು ಹದಿನೆಂಟು ದಿನ. ವೀಸಾದಲ್ಲಿ ಸೇಲ್ಸ್‌ಮನ್ ಎಂದು ಬದಲಾಗಿ ಸಂಬಳ ಏರಿದರೆ ಮಾತ್ರ ಅವರಿಬ್ಬರನ್ನು ಕರೆಸಿಕೊಳ್ಳಬಹುದಿತ್ತು. ಮ್ಯಾನೇಜರ್ ಒಂದು ಷರತ್ತು ಹಾಕಿದ್ದ. ಎರಡು ವರ್ಷದಿಂದ ಗೋಡೆಯ ಮೇಲೆ ಧೂಳು ತಿನ್ನುತ್ತಿದ್ದ ದೊಡ್ಡ ಲಿವರ್ ರೈಫಲನ್ನು ನಾನು ಮಾರಿದರೆ, ಮರುದಿನವೇ ಕಾಗದಕ್ಕೆ ಸಹಿ.

ಲಿವರ್ ರೈಫಲ್ ಅಂದರೆ ಟ್ರಿಗರಿನ ಕೆಳಗೆ ಬಳೆಯ ಹಾಗೆ ಒಂದು ಕಬ್ಬಿಣದ ಕೊಂಡಿ. ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ಗುಂಡು ಕೂತಿತು. ಅಂಗಡಿಯಲ್ಲಿ ಅಂಥವು ಎರಡಿದ್ದವು. ಗೋಡೆಯ ಮೇಲಿನದು ಎಲ್ಲಕ್ಕಿಂತ ದಪ್ಪ ಗುಂಡಿನದು. ಗಿಡ್ಡ, ಹಗುರ, ಬೆಳ್ಳಿಯ ಹೊಳಪು, ನೋಡಿದರೆ ಮದುಮಗ. ಇನ್ನೊಂದರ ಗುಂಡು ಆಚಾರಿಗಳ ಅಳತೆಯಲ್ಲಿ ಅರ್ಧ ನೂಲು ಸಣ್ಣದು, ಬಂದೂಕು ಮಾತ್ರ ಉದ್ದ, ಭಾರ, ಕಪ್ಪು ಮುಸುಡಿ.

ಆಗ ಬಂದವರು ಅಬು ಸಯೀದ್. ಅರವತ್ತು ದಾಟಿದ ಅರಬಿ ಯಜಮಾನರು, ನಮ್ಮೊಡನೆ ಚೆಂದದ ಹಿಂದಿ ಮಾತಾಡುತ್ತಿದ್ದರು. ಗಂಡುಮಕ್ಕಳೊಡನೆ ಆಫ್ರಿಕಾಕ್ಕೆ ಕಾಡುಕೋಣದ ಬೇಟೆಗೆ ಹೊರಟಿದ್ದರು. ಎಡಚರು. ಬೇರೆ ಬಂದೂಕುಗಳಲ್ಲಿ ಗುಂಡು ಕೂರಿಸುವ ಹಿಡಿ ಬಲಗೈಯವರಿಗೆಂದೇ ಇರುತ್ತದೆ, ಲಿವರಿನದಕ್ಕೆ ಎಡ-ಬಲದ ಭೇದವಿಲ್ಲ. ಇದ್ದುದರಲ್ಲಿ ದೊಡ್ಡದು ಕೊಡು ಎಂದರು. ಗೋಡೆಯ ಮೇಲಿನದನ್ನು ಇಳಿಸಿ ಕೈಗೆ ಕೊಟ್ಟೆ. ಅರ್ಧ ಗಂಟೆ ಕ್ಯಾಟಲಾಗು ಒದರಿದೆ. ಅವರು ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಕಣ್ಣು ಮುಚ್ಚಿ ಎತ್ತಲು ಹೇಳಿದೆ. ಎತ್ತುವಾಗ ಎಡಭುಜ ಅರ್ಧದಲ್ಲಿ ಹಿಡಿದುಕೊಂಡಿತು. ಯಾವಾಗಲೋ ಒಂಟೆಯಿಂದ ಬಿದ್ದ ಪೆಟ್ಟಂತೆ. ಕಣ್ಣು ತೆರೆದಾಗ ಗುರಿಯ ಕಡ್ಡಿ ಎಲ್ಲೋ ಕೆಳಗಿತ್ತು. ಆದರೂ ಅವರಿಗೆ ಆ ಹೊಳಪಿನ ಮೇಲೇ ಮನಸ್ಸು. ಕೊನೆಯದಾಗಿ ಕೇಳಿದರು, "ನೀನು ಇದನ್ನು ಹೊಡೆದಿದ್ದೀಯಾ?"

ಮ್ಯಾನೇಜರ್ ಆಚೆಯಿಂದ ನೋಡುತ್ತಿದ್ದ. "ಹೌದು" ನಾಲಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಆದರೆ ಕಾಡುಕೋಣದ ಎದುರು ಈ ಮನುಷ್ಯನ ಭುಜ ಸಿಕ್ಕಿಹಾಕಿಕೊಂಡರೆ?

"ಇಲ್ಲ ಬಾಬಾ, ನಾನು ಒಂದು ಗುಂಡೂ ಹೊಡೆದವನಲ್ಲ. ಹೇಳಿದ್ದೆಲ್ಲ ಓದಿದ್ದು. ಆದರೆ ಈ ಬಂದೂಕು ನಿಮ್ಮದಲ್ಲ."

ಅವರು ಬಂದೂಕನ್ನು ಕೌಂಟರಿನ ಮೇಲಿಟ್ಟು, ಏನೂ ಕೊಳ್ಳದೆ ಹೊರಟುಹೋದರು. ಮ್ಯಾನೇಜರ್ ನನ್ನ ಕಾಗದವನ್ನು ಕಣ್ಣೆದುರೇ ಡ್ರಾಯರಿಗೆ ಹಾಕಿ "ಖಲಾಸ್" ಅಂದ. ಸಂಜೆ ಫೋನಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಒಂದು ಹೌದು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿ ಫೋನಿಟ್ಟಳು. ಸುಳ್ಳು ಹೇಳಲು ಬಾರದ ಹೆಡ್ಡ ಎಂದು ನನ್ನನ್ನು ನಾನೇ ಬೈದುಕೊಂಡೆ.

ಐದನೇ ದಿನ ಅಬು ಸಯೀದ್ ಮತ್ತೆ ಬಂದರು. ಎರಡೂ ಲಿವರ್ ರೈಫಲುಗಳನ್ನು ಶೂಟಿಂಗ್ ಕ್ಲಬ್ಬಿಗೆ ತರಿಸಬೇಕು, ಜೊತೆಗೆ ಆ ಭಟ್ಟನೂ ಬರಬೇಕು ಎಂದರು. ಕ್ಲಬ್ಬಿನಲ್ಲಿ ಮೊದಲು ದೊಡ್ಡದನ್ನು ನನ್ನ ಕೈಗೇ ಕೊಟ್ಟು "ಯಲ್ಲಾ, ಹೊಡಿ" ಅಂದರು. ಹೊಡೆದೆ. ಕನ್ನಡಕ ಒಂದು ಕಡೆ, ನಾನು ಒಂದು ಕಡೆ. ಅವರ ಮಕ್ಕಳು ಬಿದ್ದು ಬಿದ್ದು ನಕ್ಕರು. ಎದ್ದು, ಮೈ ಕೊಡವಿಕೊಂಡು, ಕಪ್ಪು ಮುಸುಡಿಯದನ್ನೂ ಹೊಡೆದೆ. ಅದೂ ಒದೆಯಿತು, ಆದರೆ ಅದರ ಭಾರವೇ ಅರ್ಧ ಏಟನ್ನು ನುಂಗಿಕೊಂಡಿತು. ನಿಂತಲ್ಲೇ ನಿಂತಿದ್ದೆ.

"ಈಗ ಹೇಳು" ಎಂದರು.

ಜೀವಮಾನದಲ್ಲಿ ಮೊದಲ ಸಲ ಕ್ಯಾಟಲಾಗು ಬಿಟ್ಟು ಮಾತಾಡಿದೆ. ಕಪ್ಪಗಿನದು ತೆಗೆದುಕೊಳ್ಳಿ, ಹಿಂಬದಿಯ ಮರ ಒಂದಿಂಚು ಕಡಿಸಿಕೊಡುತ್ತೇನೆ, ಆಗ ನಿಮ್ಮ ಭುಜ ಪೂರ್ತಿ ಏಳಬೇಕಾಗಿಲ್ಲ ಎಂದೆ. ಪೊರ್ಬುಗಳು ಅಳೆದು ಕೊಯ್ದು, ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಎರಡು ದಿನದಲ್ಲಿ ಕೊಟ್ಟರು. ಅಬು ಸಯೀದ್ ಕಣ್ಣು ಮುಚ್ಚಿ ಎತ್ತಿ, ತೆರೆದರು. ಗುರಿಯ ಕಡ್ಡಿ ಕಣ್ಣೆದುರೇ ಇತ್ತು. ಅವತ್ತು ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಮದುವೆಯ ದಿನವೂ ನಾನು ಅಷ್ಟು ಎದೆಯುಬ್ಬಿಸಿ ನಿಂತಿರಲಿಲ್ಲ.

ಕೋಣ ಬಿತ್ತಂತೆ, ಎರಡನೇ ಗುಂಡಿಗೆ. ಅದಕ್ಕಿಂತ ದೊಡ್ಡ ಸಂಗತಿ ಆಮೇಲಿನದು. ಅವರ ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು "ಇಲ್ಲ ಅನ್ನುವವನು ಎಲ್ಲಿ?" ಎಂದು ಕೌಂಟರಿನಲ್ಲಿ ಕೇಳತೊಡಗಿದರು. ಮ್ಯಾನೇಜರ್ ಡ್ರಾಯರಿನಿಂದ ಕಾಗದ ಹೊರಗೆ ತೆಗೆದ. ನಾಲ್ಕು ತಿಂಗಳಲ್ಲಿ ಹೆಂಡತಿಯೂ ಮಗಳೂ ಕರಾಮಕ್ಕೆ ಬಂದರು.

ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ. "ಸೋ ಯು ಜಸ್ಟ್ ಟೋಲ್ಡ್ ದ ಟ್ರೂತ್?" ಎಂದಳು, ಅದೇನು ಮಹಾ ಎಂಬಂತೆ. ಒಳಗಿನಿಂದ ಅವಳ ಅಮ್ಮನ ಸ್ವರ ಬಂತು: "ನಾನು ಆವತ್ತೇ ಹೇಳಿದ್ದೆ, ಏನಾದ್ರೂ ಆಗ್ಲಿ, ನಿಜವೇ ಹೇಳಿ ಅಂತ. ಅಲ್ವಾ ಮಾರಾಯ್ರೆ?"

"ಹೌದು" ಎಂದೆ.