ಒಂದು ಜೊತೆ ಶೂ, ಇಬ್ಬರ ಓಟ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾನು ಮತ್ತು ನನ್ನ ಗೆಳೆಯ ಮುನಿರಾಜು ಸರ್ವಜ್ಞನಗರದ ನಮ್ಮ ಫ್ಲಾಟಿನ ಮೆಟ್ಟಿಲ ಮೇಲೆ ಕೂತು, ಒಂದು ಜೊತೆ ಹೊಸ ಶೂವನ್ನು ಪಿತ್ರಾರ್ಜಿತ ಆಸ್ತಿಯಂತೆ ಪಾಲು ಮಾಡಿಕೊಂಡೆವು. ಬಲಗಾಲಿನದು ನನಗೆ, ಎಡಗಾಲಿನದು ಅವನಿಗೆ. ಇನ್ನೊಂದು ಕಾಲಿಗೆ ಇಬ್ಬರೂ ನಮ್ಮ ನಮ್ಮ ಹಳೆಯ ಶೂ ಹಾಕಿಕೊಂಡೆವು. ಉಳಿದ ಎರಡು ಬಿಡಿ ಶೂಗಳನ್ನು ಬಾಗಿಲ ಹಿಂದೆ ಇಟ್ಟಾಗ ನನ್ನ ಹೆಂಡತಿ ಸುಧಾ ನಮ್ಮಿಬ್ಬರನ್ನೂ ನೋಡಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆ ಹೊಸ ಶೂ ಬೆಟ್ಟ, ಕಾಲುದಾರಿಗಳಲ್ಲಿ ವೇಗವಾಗಿ ಓಡುವವರಿಗಾಗಿ ಮಾಡಿದ್ದು. ಅದರ ದಪ್ಪ ಅಟ್ಟೆಯ ನಡುವೆ ಬಾಗದ ಒಂದು ಕಾರ್ಬನ್ ಹಾಳೆ ಇರುತ್ತದೆ. ಕಾಲೂರಿದಾಗ ಅದು ಪಾದವನ್ನು ಮುಂದಕ್ಕೆ ತಳ್ಳುತ್ತದಂತೆ. ಶಿವಾಜಿನಗರದ ನಮ್ಮ ಪರಿಚಯದ ಅಂಗಡಿಯವರು ಹಾಕಿ ನೋಡಲೆಂದೇ ಇಟ್ಟಿದ್ದ ಜೊತೆಯೊಂದನ್ನು ನಮಗೆ ಕೊಟ್ಟಿದ್ದರು. "ಇದು ಹೊಸಬ್ರಿಗೆ ಅಲ್ಲ ಸರ್, ನಿಮ್ಮಂಥ ಅನುಭವ ಇರೋರಿಗೆ. ಕೆಸರಾದ್ರೂ ಪರ್ವಾಗಿಲ್ಲ, ಸಾಯಂಕಾಲ ವಾಪಸ್ ತನ್ನಿ" ಎಂದಿದ್ದರು. ನಮ್ಮಿಬ್ಬರದೂ ಒಂದೇ ಅಳತೆ, ಇದ್ದದ್ದು ಒಂದೇ ದಿನ. ಒಂದು ಕಾಲಿಗೆ ಹೊಸದು, ಇನ್ನೊಂದಕ್ಕೆ ಹಳೆಯದು ಹಾಕಿದರೆ ವ್ಯತ್ಯಾಸ ಆಗಿಂದಾಗಲೇ ಗೊತ್ತಾಗುತ್ತದೆ ಎಂಬ ಬುದ್ಧಿವಂತಿಕೆ ಮುನಿರಾಜುವಿನದು. ಅದಕ್ಕೆ ತಲೆಯಾಡಿಸಿದ್ದು ನಾನು. ಹೊಸಬರಿಗೆ ಇಂಥ ಯೋಚನೆ ಹೊಳೆಯುವುದೇ ಇಲ್ಲ.

ನನಗೆ ಇದು ಬರೀ ಶೂ ಪರೀಕ್ಷೆಯಾಗಿರಲಿಲ್ಲ. ಹಿಂದಿನ ವರ್ಷ ಬೆಟ್ಟ ಇಳಿಯುವಾಗ ನನ್ನ ಬಲಗಾಲು ಉಳುಕಿ, ಪಾದದ ಗಂಟು ಕುಂಬಳಕಾಯಿಯಂತೆ ಊದಿತ್ತು. ವಾಸಿಯಾಗಿದೆ, ಓಡಿ ಎಂದು ಡಾಕ್ಟರು ಹೇಳಿ ಎಷ್ಟೋ ತಿಂಗಳಾಗಿತ್ತು. ಆದರೆ ಇಳಿಜಾರು ಕಂಡರೆ ಸಾಕು, ಕಾಲು ತಾನಾಗಿ ಬ್ರೇಕ್ ಹಾಕುತ್ತಿತ್ತು. ನಾನು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ನೋಡುವವನು. ಯಾವ ಕಲ್ಲಿನ ಮೇಲೆ ಯಾವ ಮೂಳೆ ಮುರಿಯುತ್ತದೆ ಎಂದು ನನ್ನ ತಲೆಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ತಿಂಗಳು ಬೆಟ್ಟದ ಓಟವಿತ್ತು, ಹೆಸರು ಕೊಡಲು ಅದೇ ದಿನ ಕೊನೆ. ಈ ಶೂ ಧೈರ್ಯ ಕೊಟ್ಟರೆ ಹೋಗುತ್ತೇನೆ, ಇಲ್ಲದಿದ್ದರೆ ಬೆಟ್ಟದ ಸಹವಾಸವನ್ನೇ ಬಿಟ್ಟು ಪಾರ್ಕಿನಲ್ಲಿ ಸುತ್ತು ಹಾಕುತ್ತೇನೆ ಎಂದು ಸುಧಾಳಿಗೆ ಹೇಳಿದ್ದೆ.

"ಧೈರ್ಯ ಅಂಗಡೀಲಿ ಸಿಗತ್ತೇನ್ರೀ?" ಎಂದು ಕೇಳಿದ್ದಳು.

ಹೊರಟಾಗ ಅವಳು ಎಂದಿನಂತೆ ಬಾಲ್ಕನಿಗೆ ಬಂದು ನಿಂತಳು. ಕಾಲು ಉಳುಕಿದಾಗಿನಿಂದ ಅದು ಅವಳ ಅಭ್ಯಾಸವಾಗಿತ್ತು. ನಾನು ಬೇಕರಿಯ ತಿರುವು ದಾಟುವವರೆಗೂ ಅವಳ ಕಣ್ಣು ನನ್ನ ಬಲಗಾಲಿನ ಮೇಲೆಯೇ ಇರುತ್ತಿತ್ತು. ಬೆನ್ನು ತಿರುಗಿಸಿದ್ದರೂ ನನಗದು ತಿಳಿಯುತ್ತಿತ್ತು.

ಹಿಂದಿನ ಸಂಜೆ ಮಳೆ ಸುರಿದು ಗಾಳಿ ತಣ್ಣಗಿತ್ತು. ಹಲಸೂರು ಕೆರೆಯ ಪಕ್ಕದ ಡಾಂಬರು ರಸ್ತೆಯಲ್ಲೇ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಹೊಸ ಶೂವಿನ ಅಟ್ಟೆ ಹಳೆಯದಕ್ಕಿಂತ ಒಂದು ಬೆರಳು ಎತ್ತರ. ನಾನು ಎಡಕ್ಕೆ ವಾಲುತ್ತಿದ್ದೆ, ಮುನಿರಾಜು ಬಲಕ್ಕೆ ವಾಲುತ್ತಿದ್ದ. ಅಕ್ಕಪಕ್ಕ ಓಡಿದರೆ ನಡುನಡುವೆ ಭುಜ ಡಿಕ್ಕಿ ಹೊಡೆಯುತ್ತಿತ್ತು. ಜೋಗುಪಾಳ್ಯದ ಗಲ್ಲಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ನಿಂತೇಬಿಟ್ಟರು.

"ಏನಪ್ಪಾ, ಇಬ್ರಿಗೂ ಒಟ್ಟಿಗೇ ಕಾಲ್ನೋವಾ?"

"ಇಲ್ಲ ಸಾರ್, ಶೂ ಟೆಸ್ಟಿಂಗು" ಎಂದ ಮುನಿರಾಜು, ಓಡುತ್ತಲೇ.

ಆದರೂ ಶೂವಿನ ಗುಣ ಅಷ್ಟಿಷ್ಟು ತಿಳಿಯತೊಡಗಿತು. ಇಂದಿರಾನಗರದ ಸಮತಟ್ಟಾದ ರಸ್ತೆಯಲ್ಲಿ ಬಲಗಾಲು ಒಂದೊಂದು ಹೆಜ್ಜೆಗೂ ಮುಂದಕ್ಕೆ ಚಿಮ್ಮುತ್ತಿತ್ತು, ಎಡಗಾಲು ಅದರ ಹಿಂದೆ ಏದುಸಿರು ಬಿಡುತ್ತಿತ್ತು. ಫುಟ್‌ಪಾತಿನ ಎದ್ದ ಕಲ್ಲುಚಪ್ಪಡಿಗಳ ಮೇಲೆ ಮಾತ್ರ ಕಥೆ ಬೇರೆ. ಬಾಗದ ಅಟ್ಟೆ ಕಲ್ಲಿನ ಅಂಚಿಗೆ ಸಿಕ್ಕಿ ಪಾದವನ್ನು ಒಮ್ಮೆ ಪಕ್ಕಕ್ಕೆ ವಾಲಿಸಿತು. ಅಲ್ಲಿಂದ ಮುಂದೆ ಮೊಟ್ಟೆ ಮೇಲೆ ನಡೆಯುವವನ ಹಾಗೆ ಓಡಿದೆ. ಪೈಪಿಗೆಂದು ಅಗೆದು ಬಿಟ್ಟ ರಸ್ತೆ ಕಂಡಲ್ಲೆಲ್ಲ ಮುನಿರಾಜು ಖುಷಿಯಿಂದ ಕೂಗುತ್ತಿದ್ದ, "ಗುರು, ಬೆಟ್ಟ ಬಂತು!"

ಕಗ್ಗದಾಸಪುರದ ಕೆರೆಯಂಚಿನ ಮಣ್ಣುದಾರಿಯಲ್ಲಿ ಕೆಸರೋ ಕೆಸರು. ಹೊಸ ಶೂವಿನ ಹಿಡಿತ ಚೆನ್ನಾಗಿತ್ತು. ಜಾರಿದ್ದು ಹಳೆಯ ಶೂ ಹಾಕಿದ್ದ ಕಾಲು. ದಾರಿ ಮುಗಿಯುವಷ್ಟರಲ್ಲಿ ನಾಲ್ಕೂ ಶೂಗಳು ಒಂದೇ ಬಣ್ಣದ ಮಣ್ಣಿನ ಹೆಂಟೆಗಳಾಗಿದ್ದವು.

ಮುನಿರಾಜುವಿನ ಮನೆ ಅಲ್ಲೇ ಹತ್ತಿರ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿಯ ಬಾಡಿಗೆ ಮನೆಗಳಿವೆ. ಅವನ ತಾಯಿ ಮುನಿಯಮ್ಮ ಕೆಳಗಿನ ಮನೆಯಲ್ಲಿರುತ್ತಾರೆ. ಶೂಗಳನ್ನು ಕೆಸರು ಸಮೇತ ಹೊಸಿಲ ಹೊರಗೆ ಕಳಚಿ ಒಳಗೆ ಹೋದೆವು. ಬಿಸಿ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಂತು. ಓಟದ ನಡುವೆ ಅರ್ಧ ರೊಟ್ಟಿ ಸಾಕೆಂದೆ.

"ಅರ್ಧ ರೊಟ್ಟಿ ಯಾರಾದ್ರೂ ತಿಂತಾರೇನಪ್ಪ? ಓಡೋನು ತಿನ್ಬೇಕು" ಎಂದು ಇನ್ನೊಂದನ್ನೂ ತಟ್ಟೆಗೆ ಹಾಕಿದರು. ಆಮೇಲೆ ಬಾಗಿಲ ಕಡೆ ನೋಡಿ, "ಇದೇನ್ ಮುನಿ, ಶೂ ಮಗುಚಾಕಿದ್ದೀಯ? ಬಾಗ್ಲಲ್ಲಿ ಮೆಟ್ಟು ಮಗುಚಿ ಬಿದ್ರೆ ಮನೇಲಿ ಜಗಳ ಆಗ್ತದೆ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ" ಎಂದು ಗೊಣಗುತ್ತಾ ಎದ್ದು ಹೋದರು. ಶೂ ಸರಿಪಡಿಸುವ ಸದ್ದು ಕೇಳಿಸಿತು. ನಾವು ರೊಟ್ಟಿಯಲ್ಲಿ ಮುಳುಗಿದ್ದೆವು.

ಹೊರಡುವಾಗ ಮೆಟ್ಟಿಲ ಮೇಲೆ ಎರಡು ಜೊತೆಗಳು ಮುಖ ಹೊರಗೆ ಮಾಡಿ ಅಚ್ಚುಕಟ್ಟಾಗಿ ಕೂತಿದ್ದವು. ಬೆಟ್ಟದ ಓಟಕ್ಕೆ ಹೆಸರು ಕೊಡುವ ವಿಷಯದಲ್ಲಿ ಇಬ್ಬರಿಗೂ ವಾದ ಹತ್ತಿಕೊಂಡಿತ್ತು. ಮಾತಿನ ಭರದಲ್ಲೇ ಕೈಗೆ ಸಿಕ್ಕಿದವನ್ನು ಕಾಲಿಗೆ ಏರಿಸಿ ಲೇಸು ಬಿಗಿದೆವು.

ಅಲ್ಲಿಂದ ಮುಂದೆ ಓಟ ಎಷ್ಟು ಸಲೀಸಾಯಿತೆಂದರೆ ನನಗೇ ಆಶ್ಚರ್ಯ. ಕುಂಟು ಹೋಗಿತ್ತು. ಎರಡು ಎತ್ತರಕ್ಕೂ ಕಾಲು ಒಗ್ಗಿಕೊಂಡಿತು ಅಂದುಕೊಂಡೆ. ಮುನಿರಾಜು ನನ್ನನ್ನು ಹಿಂದೆ ಹಾಕಿ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ವಾಹನಗಳ ನಡುವೆ ಮಾಯವಾದ. "ರೊಟ್ಟಿ ಕೆಲ್ಸ ಮಾಡ್ತಿದೆ ಮಗಾ!" ಎಂದು ಅವನು ಕೂಗಿದ್ದು ಮಾತ್ರ ಕೇಳಿಸಿತು.

ಕೆ.ಆರ್. ಪುರದ ಕೆರೆಯ ಏರಿ ನಮ್ಮ ಕೊನೆಯ ಪರೀಕ್ಷೆ. ಏರಿಯಿಂದ ಕೆಳಗಿನ ರಸ್ತೆಗೆ ಕಡಿದಾದ ಇಳಿಜಾರು. ಮೇಲೆಲ್ಲ ಒಡೆದ ಇಟ್ಟಿಗೆ, ಸಿಮೆಂಟಿನ ಉಂಡೆಗಳು, ಮಳೆ ಕೊರೆದ ಕೊರಕಲು. ಮುನಿರಾಜು ಆಗಲೇ ಕೆಳಗೆ ನಿಂತು ಕೈ ಬೀಸುತ್ತಿದ್ದ. ನಾನು ಮೇಲೆ ನಿಂತೆ. ಉಳುಕಿದ ದಿನದ ಬೆಟ್ಟವೂ ಹೀಗೇ ಇತ್ತು. ತಿರುಗಿ ಮೆಟ್ಟಿಲಿರುವ ಕಡೆಗೆ ಹೋಗೋಣ ಎಂದುಕೊಂಡವನು ಬಲಗಾಲನ್ನು ನೋಡಿಕೊಂಡೆ. ಕಾರ್ಬನ್ ಇದೆ, ಕಂಪನಿಯವರು ಸುಮ್ಮನೆ ಹಾಕಿರುವುದಿಲ್ಲ ಎಂದು ನನಗೇ ಹೇಳಿಕೊಂಡು ಕೆಳಕ್ಕೆ ಓಡಿದೆ. ಇಟ್ಟಿಗೆ ಜಾರಿತು, ಕಾಲು ಅದರ ಜೊತೆ ಜಾರಿ ತಾನೇ ಸರಿಯಾಯಿತು. ಒಂದು ಕಡೆ ಪಾದ ಪೂರ್ತಿ ವಾಲಿತು, ಆದರೂ ನಿಂತಿತು. ಬ್ರೇಕ್ ಹಾಕುವುದನ್ನೇ ಮರೆತು ರಸ್ತೆಗೆ ಇಳಿದವನು, ಮುನಿರಾಜುವಿನ ಭುಜ ಹಿಡಿದು ಹುಚ್ಚನಂತೆ ನಕ್ಕೆ.

"ಏನ್ ಶೂ ಗುರು ಇದು! ಎಷ್ಟಾದ್ರೂ ಆಗ್ಲಿ, ನಾನ್ ತಗೋತೀನಿ" ಎಂದೆ.

ಟೀ ಅಂಗಡಿಯ ಕಟ್ಟೆಯಲ್ಲಿ ಕೂತು ಮುನಿರಾಜು ತನ್ನ ಶೂವಿನ ಅಟ್ಟೆ ನೋಡಲೆಂದು ಕಡ್ಡಿಯಿಂದ ಮಣ್ಣು ಕೆರೆದ. ಒಂದು ಕಾಲಿನದು ಕೆರೆದ. ಇನ್ನೊಂದರದೂ ಕೆರೆದ. ಆಮೇಲೆ ನನ್ನ ಬಲಗಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದರದೂ ಮಣ್ಣು ಕೆರೆದ. ಅವನ ಎರಡು ಕಾಲಲ್ಲೂ ಹೊಸ ಶೂ. ನನ್ನ ಬಲಗಾಲಲ್ಲಿ ಇದ್ದದ್ದು ಅವನ ಹಳೆಯ ಶೂ, ಹೆಬ್ಬೆರಳಿನ ಹತ್ತಿರ ಹರಿದದ್ದು. ಹಿಂದಿನ ವರ್ಷ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಥರದ ಕಪ್ಪು ಶೂ ಕೊಂಡಿದ್ದೆವು.

ಅವನು ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಅಮ್ಮಾ, ನಮ್ ಶೂ ಏನ್ ಮಾಡ್ದೆ?"

"ಏನ್ ಮಾಡ್ಲಿ? ಜೋಡಿ ತಪ್ಪಿದ್ವು, ಜೋಡ್ಸಿಟ್ಟೆ. ದಪ್ಪಂದು ದಪ್ಪದ ಜೊತೆ, ತೆಳ್ಳಂದು ತೆಳ್ಳಂದ್ರ ಜೊತೆ. ಇಷ್ಟ್ ವಯಸ್ಸಾಯ್ತು, ಶೂ ಹಾಕ್ಕೊಳಕ್ ಬರಲ್ವಲ್ಲೋ ಇಬ್ರಿಗೂ!"

ಮುನಿರಾಜು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ನಗಲಿಲ್ಲ. ಏರಿಯ ಕಡೆ ತಿರುಗಿ ಆ ಇಳಿಜಾರನ್ನು ಇನ್ನೊಮ್ಮೆ ನೋಡಿದೆ. ಕಣ್ಣು ತುಂಬಿ ಬಂತು. ಒಂದು ವರ್ಷ ಹೊತ್ತು ತಿರುಗಿದ್ದ ಭಾರ ಇಳಿದಾಗ ಹಾಗಾಗುತ್ತದೆ. ಅಲ್ಲಿಂದ ಇಳಿದದ್ದು ನನ್ನ ಕಾಲೇ, ಬೇರೆ ಏನೂ ಅಲ್ಲ. ಟೀಗೆ ಸಕ್ಕರೆ ಜಾಸ್ತಿಯಾಗಿತ್ತು, ಇನ್ನೊಂದು ಲೋಟ ತರಿಸಿ ಕುಡಿದೆ.

ಹಲಸೂರಿನವರೆಗೆ ಮೆಟ್ರೋದಲ್ಲಿ ಬಂದೆವು. ಕೆಸರು ಕಂಡು ಜನ ನಮ್ಮ ಸುತ್ತ ಧಾರಾಳವಾಗಿ ಜಾಗ ಬಿಟ್ಟರು. ಶಿವಾಜಿನಗರದ ಅಂಗಡಿಯಲ್ಲಿ ನಮ್ಮ ಅಭಿಪ್ರಾಯ ಒಪ್ಪಿಸಿದೆವು: ಗಟ್ಟಿ ನೆಲದಲ್ಲಿ, ಹದವಾದ ಮಣ್ಣಿನಲ್ಲಿ ಹಾರುತ್ತದೆ. ಕೆಸರಿನಲ್ಲೂ ಹಿಡಿತವಿದೆ. ಚೂಪು ಕಲ್ಲುಗಳ ಮೇಲೆ ವಾಲಿಸುತ್ತದೆ, ಆಗ ಕಾಲು ಗಟ್ಟಿಯಿರಬೇಕು. ಒಂದೇ ಕಾಲಿಗೆ ಹಾಕಬಾರದು. ಕೊನೆಯ ಮಾತು ಅಂಗಡಿಯವರಿಗೆ ಅರ್ಥವಾಗಲಿಲ್ಲ, ನಾವೂ ಬಿಡಿಸಿ ಹೇಳಲಿಲ್ಲ. ಮುನಿರಾಜು ಆ ಜೊತೆಯನ್ನೇ ತನಗಿರಲಿ ಎಂದು ದುಡ್ಡು ಕೊಟ್ಟು ಇಟ್ಟುಕೊಂಡ. ನಾನು ಅವನ ಹರಿದ ಶೂವಿನಲ್ಲೇ ಮನೆಗೆ ನಡೆದೆ.

ಸುಧಾ ಬಾಗಿಲು ತೆರೆದವಳೇ ಮೊದಲು ಕಾಲು ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ. ಮುನಿಯಮ್ಮನವರ ಮಾತು ಬಂದಾಗ ನಕ್ಕಳು. ಇಳಿಜಾರಿನ ಮಾತು ಬಂದಾಗ ಕೆಳಗೆ ಕೂತು, ಕೆಸರಿನ ಕಾಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅಮುಕಿ ನೋಡಿದಳು. "ಹಾಗಾದ್ರೆ ವಾಸಿಯಾಗಿದೆ ಬಿಡಿ" ಎಂದಳು. ಊಟಕ್ಕೆ ಮುಂಚೆಯೇ ಬೆಟ್ಟದ ಓಟಕ್ಕೆ ಹೆಸರು ಕೊಟ್ಟೆ.

ಮರುದಿನ ಬೆಳಿಗ್ಗೆ ಎಂದಿನಂತೆ ಓಡಲು ಹೊರಟೆ. ಬೇಕರಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬಾಲ್ಕನಿಯಲ್ಲಿ ಒಗೆದು ಹಾಕಿದ ಟವೆಲುಗಳಿದ್ದವು. ಬೇರೆ ಯಾರೂ ಇರಲಿಲ್ಲ.