ಮಾಡೆಲ್‌ಗೆ ಸೇರಿಸದ ಹುರುಳಿ

ಏಳು ವರ್ಷದ ಹಿಂದೆ ನಾನು ಹುಣಸೂರಿನಲ್ಲಿ ಸಹಾಯಕ ಇಂಜಿನಿಯರ್. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನೇ. ಆ ಹೆಮ್ಮೆ ಇವತ್ತಿಗೂ ಇದೆ.

ಎಚ್.ಡಿ. ಕೋಟೆ ಹೆದ್ದಾರಿಯ ಒಂದು ಸೇತುವೆ ರಿಪೇರಿಗೆ ಬಂತು. ಅರ್ಧ ಅಗೆದು, ಉಳಿದರ್ಧದಲ್ಲಿ ಎರಡೂ ಕಡೆಯವರನ್ನು ಸರದಿಯ ಮೇಲೆ ಬಿಡಬೇಕು. ಇಂಥ ಇಕ್ಕಟ್ಟಿಗೆ ನಾವು ಬಾಟಲ್‌ನೆಕ್ ಅನ್ನುತ್ತೇವೆ. ಯಾರನ್ನು ಎಷ್ಟು ಹೊತ್ತು ಬಿಡಬೇಕೆಂದು ಕಂಪ್ಯೂಟರ್ ಮಾಡೆಲ್ ಮಾಡುವ ಕೆಲಸ ನನ್ನದು. ಆಗಸ್ಟ್‌ನಲ್ಲಿ ಗಾಡಿ ಎಣಿಸಿದೆ. ಒಂದೊಂದು ಕಡೆಗೆ ಮೂರು ನಿಮಿಷ ಸಾಕು ಎಂದಿತು ಮಾಡೆಲ್. ತಿರುವಿನಿಂದಾಗಿ ಈ ತುದಿ ಆ ತುದಿಗೆ ಕಾಣದು. ಎರಡು ತುದಿಯಲ್ಲಿ ಬಾವುಟ ಹಿಡಿದು ಗಾಡಿ ಬಿಡುವ ಇಬ್ಬರಿಗೂ ಗಡಿಯಾರ ಕೊಟ್ಟು, ಅದನ್ನು ನೋಡಿಯೇ ಬಿಡಿ ಎಂದೆ.

ಕೆಲಸ ಶುರುವಾದದ್ದು ಜನವರಿಯಲ್ಲಿ, ಹುರುಳಿ ಕಿತ್ತ ಕಾಲ. ಪಕ್ಕದ ಊರವರು ಸೇತುವೆಯ ಕೋಟೆ ಕಡೆಯ ತುದಿಯಲ್ಲೇ ರಸ್ತೆಗೆ ಹುರುಳಿ ಹರಡುತ್ತಾರೆ. ಓಡಾಡುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ. ನನಗಿದು ಗೊತ್ತಿರಲಿಲ್ಲವೇ? ನಮ್ಮವ್ವ ಹರಡಿದ ಹುರುಳಿ ಕಾಯುತ್ತಲೇ ಎಸ್ಸೆಸ್ಸೆಲ್ಸಿ ಓದಿದವನು ನಾನು. ಹುರುಳಿ ಅಂದರೆ ಮೈಸೂರಿನ ಮೀಟಿಂಗಿನಲ್ಲಿ ನಕ್ಕಾರು ಎಂದು, ಗಾಡಿಗಳು ಎಲ್ಲಿ ನಿಧಾನಿಸುತ್ತವೆಂದು ಮಾಡೆಲ್‌ನಲ್ಲಿ ತುಂಬಬೇಕಾದ ‘ನಿಧಾನ ವಲಯ’ದ ಜಾಗ ಖಾಲಿ ಬಿಟ್ಟಿದ್ದೆ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆ. ಹುರುಳಿ ಮೇಲೆ ಜಾರುವ ಭಯಕ್ಕೆ ಹುಣಸೂರು ಕಡೆಯಿಂದ ಬಂದ ಗಾಡಿಗಳು ತೆವಳಿದವು. ಅವುಗಳ ಬಾಲ ಸೇತುವೆ ಮೇಲೇ ಉಳಿಯಿತು. ಅವು ಇಳಿಯಲೆಂದು ಕಾದ ಕೋಟೆ ಕಡೆಯ ಬಾವುಟದವನು ತಡವಾಗಿ ಬಸ್ಸು ಬಿಟ್ಟ. ಇದು ಕಾಣದ ಹುಣಸೂರು ಕಡೆಯವನು ಗಡಿಯಾರ ನೋಡಿ, ತನ್ನ ಸರದಿ ಬಂತೆಂದು ಟ್ರಾಕ್ಟರ್ ಬಿಟ್ಟ. ನಡುವೆ ಎರಡೂ ಮುಖಾಮುಖಿ, ಎರಡರ ಹಿಂದೆಯೂ ಗಾಡಿಗಳ ಸಾಲು. ಬಸ್ಸಿನ ಹಿಂದೊಂದು ಆಟೋ. ಅದರಲ್ಲಿ ಹಾವು ಕಚ್ಚಿದ ರೈತ, ಪಕ್ಕದಲ್ಲಿ ಹೆಂಡತಿ.

ಬಸ್ಸಿನ ಹಿಂದಿನ ಗಾಡಿಗಳು ಹಿಂದಕ್ಕೆ ಸರಿಯಲೆಂದು ನಾನು ಹುರುಳಿ ಎಳೆಯತೊಡಗಿದೆ. ಹುರುಳಿಯ ಒಡತಿ, ಒಬ್ಬ ಅಜ್ಜಿ, ಕೂಗಿದಳು: “ಒಣಗಿರೋದ್ನ ಯಾಕ್ಲಾ ಎಳೀತಿಯೆ? ಪ್ಯಾಂಟ್ ಹಾಕ್ಬುಟ್ರೆ ಹುರುಳಿ ಸಾರು ಮರ್ತೋಯ್ತಾ?”

“ಆಟೋದಲ್ಲಿ ಹಾವು ಕಚ್ಚಿರೋನವ್ನೆ ಕಣಜ್ಜಿ!”

ಅಜ್ಜಿಯೂ ಬಗ್ಗಿ ಎರಡೂ ಕೈಯಲ್ಲಿ ಬಾಚಿದಳು. ಬಾಚಿ ಮುಗಿಯುವಂತಿರಲಿಲ್ಲ. ಕೊನೆಗೆ ತನ್ನ ಟಾರ್ಪಾಲ್ ಎಸೆದು, “ಹೊತ್ಕಂಡೋಗ್ರುಲಾ” ಅಂದಳು.

ರೈತನನ್ನು ಅದರಲ್ಲಿ ಮಲಗಿಸಿ, ನಾಲ್ವರು ಬಸ್ಸಿನ ಪಕ್ಕ ನುಸುಳಿ ಹೊತ್ತು ನಡೆದೆವು. ಅವನ ಹೆಂಡತಿ ನನ್ನನ್ನೇ ಕೇಳಿದಳು: “ಏನಾಗದೆ ಸಾ ಇಲ್ಲಿ?”

“ಗಾಡಿ ನಿಂತವೆ ಕಣವ್ವ” ಅಂದೆ. ಅಷ್ಟೇ ಅಂದೆ.

ಹುಣಸೂರು ತುದಿಯಲ್ಲಿ ಕಾರು ಸಿಗುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋದ.

ಕಂಪ್ಯೂಟರ್ ತಪ್ಪು ಮಾಡಲಿಲ್ಲ; ನಾನು ಕೊಟ್ಟಷ್ಟರಲ್ಲೇ ಲೆಕ್ಕ ಹಾಕಿತು. ಈಗ ಎಲ್ಲೇ ರಸ್ತೆ ಅಳೆಯಲಿ, ಯಾವ ತಿಂಗಳು ಏನು ಹರಡುತ್ತೀರಿ ಎಂದು ಊರಲ್ಲಿ ಮೊದಲು ಕೇಳುತ್ತೇನೆ. ಮೀಟಿಂಗಿನಲ್ಲಿ ಹುರುಳಿ ಅಂತಲೇ ಓದುತ್ತೇನೆ. ಇದುವರೆಗೆ ಒಬ್ಬರೂ ನಕ್ಕಿಲ್ಲ.