ಮನೆಗೆ ತೆಗೆದಿಟ್ಟ ಬಂಗಡೆ

ಸಮಯ ನಿರ್ವಹಣೆಯ ತರಬೇತಿಗೆಂದು ನಮ್ಮನ್ನೆಲ್ಲ ಕಾರವಾರದ ಸಭಾಂಗಣವೊಂದರಲ್ಲಿ ಕೂಡಿಹಾಕಿದ ದಿನ ನನ್ನ ಮೇಜಿನ ಮೇಲೆ ಕಡತಗಳ ರಾಶಿ ಬಿದ್ದಿತ್ತು. ಕೆಲಸ ಬಿಟ್ಟು ಕೆಲಸ ಮಾಡುವುದು ಹೇಗೆಂದು ಕಲಿಯಲು ಹೋಗಿದ್ದೆವು. ತರಬೇತುದಾರರು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು, ದಿನದ ಕೆಲಸಗಳನ್ನು ತುರ್ತು, ಮಹತ್ವ ಎಂದು ವಿಂಗಡಿಸಿ ತುಂಬಿರಿ ಅಂದರು. ನನ್ನ ಇಲಾಖಾ ಪರೀಕ್ಷೆಯ ಓದು ‘ಮಹತ್ವದ್ದು, ಆದರೆ ತುರ್ತಲ್ಲ’ ಎಂಬ ಚೌಕಕ್ಕೆ ಬಿತ್ತು. ನನಗೆ ನಗು ಬಂತು. ಮೂರು ವರ್ಷದಿಂದ ಅದು ಅಲ್ಲೇ ಹಾಯಾಗಿ ಮಲಗಿತ್ತು.

ಆ ಪರೀಕ್ಷೆ ಪಾಸಾಗದೆ ನನಗೆ ಬಡ್ತಿ ಇಲ್ಲ. ಮೂರು ಸಲ ಕಟ್ಟಿ ಮೂರು ಸಲವೂ ನಪಾಸು. ನಾನೇ ಕೆಲಸ ಕಲಿಸಿದ ಇಬ್ಬರು ನನ್ನನ್ನು ದಾಟಿ ಮೇಲಿನ ಕುರ್ಚಿಗೆ ಹೋದರು; ಅವರ ಟಿಪ್ಪಣಿಯ ತಪ್ಪುಗಳನ್ನು ಈಗಲೂ ನಾನೇ ತಿದ್ದುತ್ತೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ನಾನು ದಡ್ಡಿಯಲ್ಲ. ಮನೆ, ಕಚೇರಿ, ಸಾಹೇಬರ ವರದಿ ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಓದುತ್ತಿದ್ದೆ, ಅಂದರೆ ಪುಸ್ತಕ ತೆರೆದಿಟ್ಟು ತೂಕಡಿಸುತ್ತಿದ್ದೆ.

ಆ ಚೌಕಗಳನ್ನು ನೋಡುತ್ತ ಅವ್ವ ನೆನಪಾದಳು. ಬೇಲೆಕೇರಿಯಲ್ಲಿ ದೋಣಿ ಬಂದೊಡನೆ ಮೀನು ಕೊಂಡು, ಅಂಕೋಲೆಯಲ್ಲಿ ಮಾರಿ ನನ್ನನ್ನು ಓದಿಸಿದವಳು. ಬುಟ್ಟಿ ತಲೆಗೇರುವ ಮೊದಲೇ ಒಳ್ಳೊಳ್ಳೆ ಬಂಗಡೆ ಆರಿಸಿ ಮನೆಯ ಮಡಕೆಗೆ ಹಾಕುತ್ತಿದ್ದಳು. ಮಾರಿ ಮಿಕ್ಕಿದ್ದನ್ನಲ್ಲ. ಒಮ್ಮೆ ಹೋಟೆಲಿನವನೊಬ್ಬ ಬೈಕಿನಲ್ಲಿ ಬಾಗಿಲಿಗೇ ಬಂದು, ಮಡಕೆಯಲ್ಲಿದ್ದದ್ದೇ ಬೇಕೆಂದು ಹಟ ಹಿಡಿದ. ದಿನಾ ಕೊಳ್ಳುವ ಗಿರಾಕಿ.

“ಅದು ಮನೀಗೆ ತೆಗ್ದಿಟ್ಟದ್ದು ಒಡೆಯರೆ. ಮಾರುಕೆ ಅಲ್ಲ,” ಅಂದಳು ಅವ್ವ.

ತಿಂಗಳುಗಟ್ಟಲೆ ಅವನು ನಮ್ಮ ಬುಟ್ಟಿಯತ್ತ ಸುಳಿಯಲಿಲ್ಲ. ನಾವು ಮಾತ್ರ ಅಂದು ಹೊಟ್ಟೆ ತುಂಬ ಸಾರು ಅನ್ನ ಉಂಡೆವು.

ತರಬೇತಿಯ ಮರುದಿನದಿಂದ ಬೆಳಗಿನ ಐದರಿಂದ ಏಳು ನನ್ನದಾಯಿತು. ಕೋಡಿಬಾಗದ ನಮ್ಮ ಮನೆಯಲ್ಲಿ ಮೊದಲ ವಾರ ರಂಪವೋ ರಂಪ. ಗಂಡ ಚಹಾ ಎಂದರು, ಒಲೆ ತೋರಿಸಿದೆ. ಈಗ ನನಗಿಂತ ಚೆನ್ನಾಗಿ ಮಾಡುತ್ತಾರೆ. ಸಾಹೇಬರಿಗೆ ಬೆಳಿಗ್ಗೆ ಆರಕ್ಕೇ ಫೋನಿನಲ್ಲಿ ವರದಿ ಕೇಳುವ ಚಟ. ಏಳರವರೆಗೆ ನನ್ನ ಫೋನು ಅಕ್ಕಿ ಡಬ್ಬಿಯೊಳಗೆ.

“ನಿಮಗೆ ಆದ್ಯತೆ ಅಂದರೇನು ಅಂತಲೇ ಗೊತ್ತಿಲ್ಲ,” ಎಂದು ಎಲ್ಲರೆದುರು ಗದರಿದರು.

“ಈಗ ಗೊತ್ತಾಗಿದೆ ಸರ್, ಅದಕ್ಕೇ,” ಎಂದೆ.

ಈ ಸಲದ ಪರೀಕ್ಷೆ ಇದ್ದದ್ದು ಭಾನುವಾರ. ಶನಿವಾರ ಸಂಜೆ ಸಾಹೇಬರು ಕರೆದು, ನಾಳೆ ಕಚೇರಿಗೆ ಬನ್ನಿ, ತುರ್ತು ವರದಿ ಆಗಬೇಕು ಅಂದರು. ಪರೀಕ್ಷೆ ಇದೆ ಅಂದೆ. ಮುಂದಿನ ವರ್ಷ ಬರೆದರಾಯಿತು ಅಂದರು. ಬರುವುದಿಲ್ಲ ಎಂದು ಚೀಲ ಹೆಗಲಿಗೇರಿಸಿದೆ.

ಪರೀಕ್ಷೆಗೆ ಫೋನು ಒಯ್ಯುವಂತಿರಲಿಲ್ಲ. ಹಿಂದಿನ ದಿನವೇ ಬೇಲೆಕೇರಿಯಿಂದ ಬಂದಿದ್ದ ಅವ್ವನ ಕೈಗೆ ಕೊಟ್ಟು ಹೋದೆ. ಮಧ್ಯಾಹ್ನ ಮರಳಿದಾಗ ಬಂಗಡೆ ಸಾರು ಕುದಿಯುತ್ತಿತ್ತು.

“ನಿನ್ನ ಸಾಯಬ್ರು ನಾಕು ಸಲ ಫೋನ್ ಮಾಡಿದ್ರು,” ಅಂದಳು.

“ನೀನೇನಂದೆ?”

“ಯಂತಾ ಹೇಳೂದು? ಇವತ್ತಿನ ದಿವ್ಸ ಮನೀಗೆ ತೆಗ್ದಿಟ್ಟದ್ದು ಒಡೆಯರೆ, ಮಾರುಕೆ ಅಲ್ಲ ಅಂದೆ.”

ಫಲಿತಾಂಶ ಇನ್ನೂ ಬಂದಿಲ್ಲ. ಸೋಮವಾರ ಮಾತ್ರ ವಿವರಣೆ ಕೇಳಿ ನನ್ನ ಮೇಜಿಗೆ ನೋಟಿಸು ಬಂತು. ಉತ್ತರ ಬರೆದೆ. ಮರುದಿನ ಬೆಳಿಗ್ಗೆ, ಏಳು ಗಂಟೆಯಾದ ಮೇಲೆ.